ಕಪಾಟಿನ ಮೂರನೆಯ ಗೆರೆ

"ಮೊದಲ ಅದರ ಮೈ ನೋಡಬೇಕ್ರಿ. ನೋಡಲಾರದ ನಾ ಬಣ್ಣಾ ಕೊಡೂದಿಲ್ಲ!"

ವಾಣಿಶ್ರೀ ದಂಗಾದಳು. ಗೋಕುಲ ರಸ್ತೆಯ ಈ ಬಣ್ಣದಂಗಡಿಗೆ ಅವಳು ಬಂದದ್ದು ಇದೇ ಮೊದಲು. ಕೇಳಿದ್ದು ಎರಡು ಲೀಟರ್ ನೀಲಿ ಆಯಿಲ್ ಪೇಂಟ್. ಅಷ್ಟೇ!

"ರೀ, ನೀವು ಸಾಮಾನು ಮಾರಾಕ ಕುಂತೀರೋ, ಪರೀಕ್ಷಾ ತಗೊಳ್ಳಾಕ ಕುಂತೀರೋ?"

ಅಂಗಡಿಯ ಗುರುಬಸವ ನಗಲಿಲ್ಲ. ಅವನ ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಒಣಗಿತ್ತು.

"ಹಳೇ ಸಾಗವಾನಿ ಕಪಾಟ ಅಂದ್ರಿ. ಮ್ಯಾಲ ಅರಗಿನ ಪಾಲಿಶ್ ಇದ್ರ ನಿಮ್ಮ ಬಣ್ಣಾ ಹಿಡಿಯೂದಿಲ್ಲ. ಆರು ತಿಂಗಳಿಗೆ ಹಾವು ಪರಿ ಬಿಟ್ಟಂಗ ಬಿಡತೈತಿ. ಆಮ್ಯಾಲ ಬಂದು ನನಗ ಬೈಯಾವ್ರು ನೀವ!"

"ಬೈಯೂದಿಲ್ಲ. ಕೊಡ್ರಿ."

"ಈಗ ಬೈಯಾಕತ್ತೀರಲ್ಲರಿ?"

 ಹತ್ತು ತಿಂಗಳಲ್ಲಿ ಮೊದಲ ಸಲ ಅವಳ ತುಟಿಯ ಅಂಚಿಗೆ ನಗು ಬಂದಿತ್ತು. ಅದನ್ನು ಅವಳು ಸಿಟ್ಟಿನಿಂದಲೇ ನುಂಗಿಕೊಂಡಳು.

ಹತ್ತು ತಿಂಗಳ ಹಿಂದೆ ಅವಳ ಅವ್ವ ಬಾಳವ್ವ ತೀರಿಕೊಂಡಿದ್ದಳು. ಅಂದಿನಿಂದ ವಾಣಿಶ್ರೀಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಬೆಳಿಗ್ಗೆ ಬಸ್ಸು ಹಿಡಿದು ಧಾರವಾಡಕ್ಕೆ ಹೋಗುವಳು. ಅಲ್ಲಿನ ಕೋಚಿಂಗ್ ಸೆಂಟರಿನಲ್ಲಿ ರಸಾಯನಶಾಸ್ತ್ರ ಕಲಿಸುವಳು. 'ಆತುರ ಮಾಡಬೇಡಿ, ಹನಿ ಹನಿಯಾಗಿ ಬಿಡಿ, ಬಣ್ಣ ತಿರುಗುವವರೆಗೆ ಕಾಯಿರಿ' ಎಂದು ಮಕ್ಕಳಿಗೆ ಹೇಳುವಳು. ಮನೆಗೆ ಬಂದರೆ ತನಗೇ ತಾಳ್ಮೆ ಇಲ್ಲ! ಕಣ್ಣು ಬಿದ್ದಲ್ಲೆಲ್ಲ ಅವ್ವ. ಅವ್ವನ ಸ್ಟೂಲು, ಅವ್ವನ ಕುರ್ಚಿ, ಅವ್ವನ ಕಪಾಟು...

'ಬಣ್ಣ ಬದಲಾದರೆ ಮನೆ ಬೇರೆಯಾದೀತು. ಆಗಲಾದರೂ ಈ ತಳಮಳ ನಿಂತೀತು.'

ಹೀಗೆಂದುಕೊಂಡು ಸ್ಟೂಲಿಗೆ ತಾನೇ ಬಣ್ಣ ಹಚ್ಚಿದ್ದಳು. ಅದು ಒಂದೇ ತಿಂಗಳಿಗೆ ಸಿಪ್ಪೆ ಎದ್ದಿತ್ತು. ಈಗ ಉಳಿದದ್ದು ಕಪಾಟು. ಖಂಡೇನವಮಿಯೊಳಗೆ ಅದು ನೀಲಿಯಾಗಲೇಬೇಕು. ಏಕೆಂದರೆ ಪ್ರತಿ ವರ್ಷ ಆ ಆಯುಧಪೂಜೆಯ ದಿನ ಅವ್ವ ಮನೆಯಲ್ಲಿ ದುಡಿದ ಸಾಮಾನಿಗೆಲ್ಲ ಮೂರು ಬೆರಳಿಂದ ವಿಭೂತಿ ಎಳೆಯುತ್ತಿದ್ದಳು. ಒಲೆಗೆ, ಹೊಲಿಗೆ ಯಂತ್ರಕ್ಕೆ, ಕಪಾಟಿಗೆ. ಈ ವರ್ಷ ಆ ಕಪಾಟಿನ ಬರಿ ಬಾಗಿಲನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

* * *

ರವಿವಾರ ಗುರುಬಸವ ಕಪಾಟು ನೋಡಲು ಮನೆಗೆ ಬಂದ. ಕಪಾಟು ನಡುಮನೆಯ ಮೂಲೆಯಲ್ಲಿತ್ತು. ಅಲ್ಲಿಗೆ ಬಿಸಿಲು ಬರುತ್ತಿರಲಿಲ್ಲ. ಅವನು ಅರಳೆಗೆ ಸ್ಪಿರಿಟ್ ಹಾಕಿ, ಅವಳ ಕಡೆ ತಿರುಗಿ ಮಾತಾಡುತ್ತಲೇ ಬಾಗಿಲಿಗೆ ಉಜ್ಜಿದ.

"ಅರಳಿ ಕಂದು ಆದ್ರ ಅರಗು ಅಂತ ತಿಳೀರಿ."

"ನನಗ ಕಲಿಸಬ್ಯಾಡ್ರಿ. ಕೆಮಿಸ್ಟ್ರಿ ಟೀಚರ್ ಅದೇನಿ ನಾ!"

"ಹಂಗಾರ ಸ್ಟೂಲಿಗೆ ಪಾಲಿಶ್ ಪೇಪರ್ ಉಜ್ಜಲಾರದ ಬಣ್ಣಾ ಯಾಕ ಬಳದ್ರಿ, ಟೀಚರ?"

ಅವಳು ಜೋರಾಗಿ ನಕ್ಕುಬಿಟ್ಟಳು. ಅವನೂ ನಕ್ಕ. ಅರಳೆ ಕಂದಾಗಿತ್ತು. ಅವನು ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಬಾಗಿಲು ನೋಡಿದ.

ಒಮ್ಮೆಲೇ ಅವನ ಮುಖ ಬಿಳಿಚಿತು.

"ಯಾಕ್ರೀ, ಏನಾತು?"

"ಏನಿಲ್ಲರಿ... ಮುಂದಿನ ವಾರ ನೋಡೂಣು." ಚಹಾ ಕುಡಿಯದೇ ಹೊರಟುಬಿಟ್ಟ. ಹೋಗುವಾಗ ಅಂಗಳದಲ್ಲಿ ಅವಳ ಅಪ್ಪ ಶಾಂತಯ್ಯನ ಜೊತೆ ಏನೋ ಮಾತಾಡಿ ಹೋದ.

'ನಾನೇನಾದರೂ ತಪ್ಪು ಮಾತಾಡಿದೆನೇ?' ಆ ಇಡೀ ವಾರ ವಾಣಿಶ್ರೀಗೆ ಅದೇ ಯೋಚನೆ.

ಆದರೆ ಮುಂದಿನ ರವಿವಾರ ಅವನು ಬಂದ. ಅದರ ಮುಂದಿನ ರವಿವಾರವೂ ಬಂದ. ಸ್ಟೂಲಿನ ಬಣ್ಣ ಕೆರೆದು ತೆಗೆದ. ನಾಲ್ಕು ಕುರ್ಚಿಗಳನ್ನು ಇಬ್ಬರೂ ಅಂಗಳದಲ್ಲಿ ಕೂತು ಉಜ್ಜಿದರು. ದೂಳು ಒರೆಸಲು ಅವನು ಖಾದಿಯ ಚೂರುಗಳನ್ನು ತರುತ್ತಿದ್ದ. "ನಮ್ಮವ್ವ ಖಾದಿ ನೇಯೂ ಗರಗದಾಕಿ. ಈ ಅರಬಿ ಎಳಿ ಬಿಡೂದಿಲ್ಲ ನೋಡ್ರಿ" ಎನ್ನುತ್ತಿದ್ದ.

ಅವನ ಕೈಗೆ ಅವಸರವೇ ಗೊತ್ತಿರಲಿಲ್ಲ. ಮರದ ಎಳೆ ಯಾವ ಕಡೆ ಓಡಿದೆಯೋ ಅದೇ ಕಡೆ ಕುಂಚ ಎಳೆಯುವನು. ಒಂದು ಕೋಟು ಹಚ್ಚಿ ಎದ್ದುಬಿಡುವನು.

"ಇನ್ನೊಂದು ಹಚ್ಚಿಬಿಡ್ರಲ್ಲ!"

"ಒಣಗಲಿರಿ."

"ಒಣಗೇತಿ!" ಎಂದು ಅವಳು ಹೆಬ್ಬೆರಳು ಒತ್ತಿ ನೋಡುವಳು. ಬೆರಳೆಲ್ಲ ನೀಲಿ! ಕುರ್ಚಿಯ ಮೇಲೆ ಹೆಬ್ಬೆಟ್ಟಿನ ಗುರುತು!

"ಒಣಗೂ ತನಕ ಕೈ ಸುಮ್ನ ಇಟ್ಕೊಳ್ಳಾಕ ಬರೂದಿಲ್ಲೇನ್ರಿ ನಿಮಗ?"

"ಬರೂದಿಲ್ಲ!"

ರವಿವಾರಕ್ಕಾಗಿ ತಾನು ಕಾಯುತ್ತಿದ್ದೇನೆ ಎಂದು ವಾಣಿಶ್ರೀಗೆ ಹೊಳೆದದ್ದು ಧಾರವಾಡದ ಬಸ್ಸಿನಲ್ಲಿ. ಹೊಳೆದ ಮೇಲೆ ತಳಮಳ ಇನ್ನೂ ಹೆಚ್ಚಿತು.

ಆದರೆ ಒಂದು ಮಾತು ಮನಸ್ಸನ್ನು ಕೊರೆಯುತ್ತಿತ್ತು. ಅವನು ಕಪಾಟನ್ನು ಮಾತ್ರ ಮುಟ್ಟುತ್ತಿರಲಿಲ್ಲ!

"ಮಳಿ ಹವಾ ಐತ್ರಿ" ಎಂದ ಒಂದು ವಾರ. "ಪ್ರೈಮರ್ ಬಂದಿಲ್ರಿ" ಎಂದ ಇನ್ನೊಂದು ವಾರ. ಮಳೆ ನಿಂತು ಬಿಸಿಲು ಬಿತ್ತು. ಪ್ರೈಮರ್ ಡಬ್ಬಿ ಅವನ ಅಂಗಡಿಯಲ್ಲಿ ಸಾಲಾಗಿ ಕೂತದ್ದನ್ನು ಅವಳೇ ಕಣ್ಣಾರೆ ಕಂಡಳು. ಯಾಕೀ ನೆಪ?

ಖಂಡೇನವಮಿಗೆ ಎರಡು ವಾರ ಇರುವಾಗ ಚಹಾ ತಗೊಂಡು ಅಂಗಳಕ್ಕೆ ಬಂದವಳಿಗೆ ಅಪ್ಪನ ದನಿ ಕೇಳಿಸಿತು.

"...ಆಕಿಗೆ ಹೇಳಬ್ಯಾಡಪಾ. ಮೊದಲ ನೊಂದಾಳ ಮಗಳು."

ಅವಳನ್ನು ಕಂಡದ್ದೇ ಇಬ್ಬರೂ ಮಾತು ನಿಲ್ಲಿಸಿದರು.

ವಾಣಿಶ್ರೀಗೆ ಎಲ್ಲ ಅರ್ಥವಾಯಿತು! ಈ ರವಿವಾರಗಳು, ಈ ಮಾತು, ಈ ನಗು... ಎಲ್ಲಾ ಅಪ್ಪ ಹೇಳಿ ಮಾಡಿಸಿದ್ದು! ಕಪಾಟು ಮುಗಿದರೆ ಬರಲು ಕಾರಣವಿಲ್ಲ, ಅದಕ್ಕೇ ಈ ನೆಪಗಳು!

"ನಮ್ಮಪ್ಪ ಹೇಳ್ಯಾರೇನು ನಿಮಗ?" ಅವಳು ಚಹಾದ ಕಪ್ಪನ್ನು ನೆಲಕ್ಕೆ ಕುಕ್ಕಿದಳು. "ಅವ್ವ ಇಲ್ಲದ ಹುಡುಗಿ, ವಾರಕ್ಕೊಮ್ಮೆ ಬಂದು ನಾಕು ಮಾತಾಡಿಸಿ ಹೋಗು ಅಂತ?"

"ಮೇಡಮ್, ಹಂಗಲ್ಲರಿ—"

"ಹಂಗಾರ ಕಪಾಟಿಗೆ ಬಣ್ಣಾ ಯಾಕ ಹಚ್ಚವಲ್ರಿ? ಖರೇ ಹೇಳ್ರಿ!"

ಗುರುಬಸವ ಶಾಂತಯ್ಯನ ಮುಖ ನೋಡಿದ. ಅವರು ತಲೆ ತಗ್ಗಿಸಿದ್ದರು.  

"ನಿಮ್ಮ ಕನಿಕರ ನನಗ ಬ್ಯಾಡ. ಇನ್ನ ಮ್ಯಾಲ ಬರಬ್ಯಾಡ್ರಿ."

ಅವನು ಕುಂಚ ತೊಳೆದು, ಖಾದಿ ಚೂರುಗಳನ್ನು ಮಡಚಿಟ್ಟು ಹೋದ. ಬಣ್ಣದ ಡಬ್ಬಿ ಮಾತ್ರ ಉಳಿಯಿತು.

* * *

ಖಂಡೇನವಮಿಯ ಹಿಂದಿನ ದಿನ ಕ್ಲಾಸು ಇರಲಿಲ್ಲ. ಎರಡು ವಾರದಿಂದ ಊಟ ಸೇರಿರಲಿಲ್ಲ. ವಾಣಿಶ್ರೀ ಸೆರಗು ಕಟ್ಟಿ ನಿಂತಳು.

"ಅಪ್ಪಾ, ಆ ಕಡೆ ಹಿಡಿ. ಕಿಟಕಿ ಹತ್ರ ಇಡೂಣು. ನಾನ ಹಚ್ಚತೇನಿ."

"ಬ್ಯಾಡ ಬಿಡವಾ..."

"ಹಿಡಿ ಅಪ್ಪಾ!"

ಪಡುವಣ ಕಿಟಕಿಯ ಬಳಿ ಕಪಾಟು ಬಂತು. ಅವಳು ಡಬ್ಬಿ ತೆರೆದು ಬದಿಯ ಹಲಗೆಗೆ ಒಂದು ನೀಲಿ ಪಟ್ಟಿ ಎಳೆದಳು. ಕುಂಚ ಅದ್ದಿ ಬಾಗಿಲ ಮುಂದೆ ಬಂದಳು. ನಾಲ್ಕು ಗಂಟೆಯ ಬಿಸಿಲು ಓರೆಯಾಗಿ ಬಾಗಿಲ ಮೇಲೆ ಬಿದ್ದಿತ್ತು.

ಹೊಳೆಯುವ ಪಾಲಿಶ್‌ನ ನಡುವೆ ಮಂಕಾದ ಎರಡು ಅಡ್ಡಗೆರೆ!

ಕೊಳೆ ಇರಬೇಕೆಂದು ಒದ್ದೆ ಬಟ್ಟೆಯಿಂದ ಒರೆಸಿದಳು. ಹೋಗಲಿಲ್ಲ. ಬೆರಳಿಟ್ಟು ನೋಡಿದಳು. ಕೂದಲೆಳೆಯಷ್ಟು ತಗ್ಗು. ಅವಳ ತೋರುಬೆರಳು ಮೇಲಿನ ಗೆರೆಯಲ್ಲಿ, ನಡುಬೆರಳು ಕೆಳಗಿನದರಲ್ಲಿ ಸರಿಯಾಗಿ ಕೂತವು...

"ಅವ್ವಾ..."

ಕುಂಚ ನೆಲಕ್ಕೆ ಬಿತ್ತು. ಒದ್ದೆ ವಿಭೂತಿ ಕ್ಷಾರ. ಕ್ಷಾರಕ್ಕೆ ಅರಗು ಕರಗುತ್ತದೆ. ಒಂದು ಸಲಕ್ಕೆ ಕಾಣುವುದಿಲ್ಲ. ಆದರೆ ಕಪಾಟು ಮನೆಗೆ ಬಂದಾಗಿನಿಂದ ಇಪ್ಪತ್ತಾರು ಖಂಡೇನವಮಿ, ಅದೇ ಜಾಗ, ಅದೇ ಮೂರು ಬೆರಳು! ಅವ್ವ ತನಗೇ ಗೊತ್ತಿಲ್ಲದೆ ಕಪಾಟಿನೊಳಗೆ ಇಳಿದಿದ್ದಳು.

ಮೂರು ಬೆರಳು... ಮೂರನೆಯ ಗೆರೆ ಎಲ್ಲಿ?

ಅಲ್ಲೊಂದು ಅಂಗೈಯಗಲ ಪಾಲಿಶ್ ಹಾರಿಹೋಗಿತ್ತು. ಮೂರನೆಯ ಗೆರೆ ಅದರೊಳಗೆ ಅಳಿದುಹೋಗಿತ್ತು. ಅದು ಸ್ಪಿರಿಟ್ ಅರಳೆ ಉಜ್ಜಿದ ಜಾಗ.

ಶಾಂತಯ್ಯ ಹಿಂದೆ ನಿಂತಿದ್ದರು. "ಆ ಹುಡುಗ ಅವತ್ತ ಬಂದು ನನಗ ಹೇಳಿದ. ನಾನ ಬ್ಯಾಡ ಅಂದೆ ವಾಣಿ. ನಿನಗ ಸಂಕಟ ಆಗಬಾರದು ಅಂತ."

* * *

ಸಂಜೆ ಗುರುಬಸವ ಅಂಗಡಿಯಲ್ಲಿ ಮರುದಿನದ ಪೂಜೆಗಾಗಿ ಬಣ್ಣ ಬೆರೆಸುವ ಯಂತ್ರವನ್ನು ಒರೆಸುತ್ತಿದ್ದ. ಬಾಗಿಲಲ್ಲಿ ವಾಣಿಶ್ರೀ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

"ನಮ್ಮವ್ವನ ಗೆರಿ ಅಳಿಸಿದ್ರಿ ನೀವು."

ಅವನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. "ಹೌದರಿ."

"ಎರಡು ತಿಂಗಳು ಸುಮ್ನ ಇದ್ರಿ!"

"ಹೇಳಬೇಕಿತ್ರಿ. ನಿಮ್ಮಪ್ಪಾರ ಮಾತು ನೆಪ ಆತು. ಖರೇ ಅಂದ್ರ, ಹೇಳಿದ್ರ ನೀವು ಮುಖಾ ತೋರಸಬ್ಯಾಡ ಅಂತೀರಿ ಅಂತ ಅಂಜಿದೆ." ಅವನು ಉಗುರಿನ ಬಣ್ಣ ಕೆರೆದ. "ಯಾವಾಗ್ಲೂ ಮರಿಯಾಗಿನ ಮೂಲಿ ಹುಡುಕಿ ಅರಳಿ ಉಜ್ಜತೇನ್ರಿ. ಹದಿನೈದು ವರ್ಷದಾಗ ಒಂದ ಸಲ ತಪ್ಪಿಲ್ಲ. ಅವತ್ತ ನೀವು ಎದುರಿಗೆ ನಿಂತಿದ್ರಿ... ನನ್ನ ಕಣ್ಣು ಕಪಾಟಿನ ಮ್ಯಾಲ ಇರಲಿಲ್ಲ."

ಅವನು ಬಿದ್ದ ಬಟ್ಟೆಯನ್ನು ಎತ್ತಿಕೊಂಡ.

"ನೀಲಿ ಬಳದಿದ್ರ ನನ್ನ ತಪ್ಪು ಯಾರಿಗೂ ಕಾಣ್ತಿರಲಿಲ್ಲ. ಆದ್ರ ಉಳದ ಎರಡೂ ಮುಚ್ಚತಿದ್ದೂ. ಅದಕ್ಕ ನನ್ನ ಕೈ ಬರಲಿಲ್ರಿ."

"ಕನಿಕರ ಅಲ್ಲಾ?"

"ಕನಿಕರಕ್ಕ ಯಾರರೆ ಆರು ರವಿವಾರ ಕುರ್ಚಿ ಉಜ್ಜತಾರೇನ್ರಿ? ನಿಮ್ಮ ಕುರ್ಚಿ ಮ್ಯಾಲ ನಿಮ್ಮ ಹೆಬ್ಬೆಟ್ಟು ಎಷ್ಟು ಅದಾವು ಗೊತ್ತೈತೇನು? ಏಳು. ಒಂದನ್ನೂ ನಾ ಉಜ್ಜಿಲ್ಲ. ಒಮ್ಮೆ ಅಳಿಸಿದ್ದ ಸಾಕಾಗೈತಿ."

ವಾಣಿಶ್ರೀಯ ಕಣ್ಣು ತುಂಬಿ ಬಂತು. ತಿರುಗಿ ನಡೆದಳು. ರಸ್ತೆಯ ಅಂಚಿಗೆ ಹೋಗಿ ನಿಂತಳು. ಮತ್ತೆ ಬಂದಳು.

"ನಾಳೆ ಮುಂಜಾನೆ ಎಂಟಕ್ಕ ಪೂಜಾ ಐತಿ. ಬರ್ರಿ."

* * *

ಅವನು ಏಳೂವರೆಗೇ ಬಂದ. ಒಗೆದ ಖಾದಿ ಅಂಗಿ ಹಾಕಿದ್ದ. ಶಾಂತಯ್ಯ "ಬಾರಪಾ" ಎಂದು ನಾಲ್ಕು ನೀಲಿ ಕುರ್ಚಿಗಳಲ್ಲಿ ಒಂದನ್ನು ಎಳೆದು ಕೊಟ್ಟರು, ತಾವು ಹೂ ತರುವ ನೆಪದಲ್ಲಿ ಅಂಗಳಕ್ಕೆ ಹೋದರು.

ಕಪಾಟು ಕಿಟಕಿಯ ಬಳಿಯೇ ಇತ್ತು. ಬದಿಗೆ ಒಂದು ನೀಲಿ ಪಟ್ಟಿ. ಬಾಗಿಲ ಮೇಲೆ ಎರಡು ಗೆರೆ.

ವಾಣಿಶ್ರೀ ವಿಭೂತಿ ನೀರಲ್ಲಿ ಕಲಸಿದಳು. ತೋರುಬೆರಳು, ನಡುಬೆರಳು ಅವ್ವನ ಗೆರೆಯಲ್ಲಿ ಇಳಿದು ಸರಿದವು. ಉಂಗುರದ ಬೆರಳು ಬರಿ ಮರದ ಮೇಲೆ ತಾನೇ ದಾರಿ ಮಾಡಿಕೊಂಡು ಹೋಯಿತು. ಮೂರನೆಯ ಗೆರೆ, ಸ್ವಲ್ಪ ಸೊಟ್ಟ.

"ಇದೂ ಮೂಡತೈತೇನು?" ಅವಳು ಮೆಲ್ಲಗೆ ಕೇಳಿದಳು.

"ಮೊದಲ ಅಲ್ಲೆ ಅರಗು ಹಚ್ಚಿ ಕೊಡ್ತೇನಿ. ಆದ್ರ ಒಂದ ಸಲಕ್ಕ ಮೂಡೂದಿಲ್ಲ. ವರ್ಷಾ ವರ್ಷಾ ಎಳೀಬೇಕು."

"ಎಷ್ಟು ವರ್ಷಾ?"

"ನಿಮ್ಮವ್ವಗ ಇಪ್ಪತ್ತಾರು ಬೇಕಾತು ಅಂತ ನಿಮ್ಮಪ್ಪಾರು ಹೇಳಿದ್ರು."

"ಅಷ್ಟೂ ವರ್ಷಾ ನೋಡಾಕ ಬರ್ತೀರೇನು?"

"ಬಂದು ಬಂದು ಹೋಗೂದು ತ್ರಾಸ ಆಗತೈತ್ರಿ." ಅವನ ಕಣ್ಣಲ್ಲಿ ನಗು, ಅಂಜಿಕೆ ಎರಡೂ ಇದ್ದವು. "ಇಬ್ಬರೂ ಒಂದ ಮನ್ಯಾಗ ಇದ್ರ ಛಲೋ."

ಅವಳ ಕೆನ್ನೆ ಕೆಂಪೇರಿತು. ರೂಢಿಯಂತೆ ಹೆಬ್ಬೆರಳು ಹಸಿ ಗೆರೆಯ ಕಡೆ ಹೋಯಿತು. ಮುಟ್ಟುವ ಮುನ್ನವೇ ಹಿಂದೆ ತೆಗೆದುಕೊಂಡಳು. ವಿಭೂತಿ ಹತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತಳು.

"ಒಣಗೂ ತನಕ ಈ ಕೈ ಎಲ್ಲಿ ಇಟ್ಕೊಳ್ಳಲಿ, ಹೇಳ್ರಿ?"

ಗುರುಬಸವ ಅಂಗೈ ಚಾಚಿದ.

"ಇಲ್ಲಿ ಇಡ್ರಿ."