ಡಿಕ್ಕಿಯಲ್ಲಿದ್ದ ಗೋಣಿಚೀಲ

"ಹಳೇದು ತಂದಿದ್ದೀರಾ ಮೇಡಂ?"

ಷಡಕ್ಷರಿ ಅವಳಿಗೆ ಹೇಳಿದ ಮೊದಲ ಮಾತೇ ಇದು. ರಂಜನಿಗೆ ಮೈಯೆಲ್ಲ ಉರಿಯಿತು. ಸರಸ್ವತಿಪುರಂನ ಟ್ಯುಟೋರಿಯಲ್‌ನಲ್ಲಿ ಬೆಳಗಿನಿಂದ ಫಿಸಿಕ್ಸ್ ಒದರಿ ಗಂಟಲು ಕಟ್ಟಿತ್ತು. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುವ ಹಳೇ ಎಸ್ಟೀಮ್ ಕಾರನ್ನು ಕೃಷ್ಣಮೂರ್ತಿಪುರಂನ ಈ ಬ್ರೇಕ್ ಸಾಮಾನಿನ ಅಂಗಡಿಯವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ತಂದಿದ್ದಳು.

"ನನ್ನ ಕಾರಿನ ಸಾಮಾನು ನಿಮಗ್ಯಾಕ್ರೀ?"

"ಅದೇ ಪದ್ಧತಿ ಮೇಡಂ. ಈ ಗಾಡಿಗೆ ಚಕ್ರ ಹಿಡಿದು ನಿಲ್ಲಿಸೋ ಹೊಸ ಕ್ಯಾಲಿಪರ್ ನನಗಂತೂ ಸಿಗ್ತಿಲ್ಲ. ಹಳೇದನ್ನ ರೀಕಂಡಿಷನ್ ಮಾಡಿ ಕೊಡ್ತೀನಿ. ನಿಮ್ಮ ಹಳೇದು ಇಲ್ಲಿಟ್ಟು ಹೋದ್ರೆ ನಾಳೆ ಇನ್ನೊಬ್ಬರಿಗಾಗುತ್ತೆ."

"ಅಂದ್ರೆ ನನಗೆ ಕೊಡೋದು ಯಾರದೋ ಎಂಜಲು."

"ಕಬ್ಬಿಣಕ್ಕೆ ಎಂಜಲಿಲ್ಲ ಕಣ್ರೀ. ಬಿಚ್ಚಿ, ತುಕ್ಕು ತೆಗೆದು, ಒಳಗಿನ ಪಿಸ್ಟನ್ನು, ರಬ್ಬರ್ ಸೀಲು ಹೊಸದು ಹಾಕಿದ್ರೆ ಮುಗೀತು. ಮನುಷ್ಯರಿಗಾದ್ರೆ ಸೀಲು ಸಿಗಲ್ಲ, ಅಷ್ಟೇ."

ಅಷ್ಟು ಸುಸ್ತಾದ ಮುಖ ಹೊತ್ತು ಅವನು ಅದನ್ನು ಹೇಳಿದ್ದು ಕಂಡು ರಂಜನಿಗೆ ನಗು ತಡೆಯಲಾಗಲಿಲ್ಲ. ಡೈವೋರ್ಸ್ ಆದ ಮೇಲೆ ಹಾಗೆ ನಕ್ಕ ನೆನಪೇ ಅವಳಿಗಿರಲಿಲ್ಲ. ಷಡಕ್ಷರಿಯ ಕೈಯಲ್ಲಿ ಹಳದಿ ಪೇಂಟಿನ ಬ್ರಷ್ಷಿತ್ತು. ಎಡ ಬಲ ತಿಳಿಯಲೆಂದು ಅವಳಿಗೆ ಕೊಡುವ ಜೋಡಿಯ ಮೇಲೆ L, R ಎಂದು ಬರೆಯುತ್ತಿದ್ದವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಬರೆಯುವುದರಲ್ಲೇ ಮುಳುಗಿದವನಂತೆ ಬಗ್ಗಿಕೊಂಡ.

"ಈಗ ತಗೊಂಡ್ಹೋಗಿ. ಫಿಟ್ ಮಾಡಿಸಿದ ಮೇಲೆ ಹಳೇದು ತಂದ್ಕೊಡಿ," ಅಂದ. ಹಳೆಯದು ಕೈಗೆ ಬಾರದೆ ರೀಕಂಡಿಷನ್ ಮಾಲನ್ನು ಅಂಗಡಿಯ ಹೊಸ್ತಿಲು ದಾಟಿಸದ ಮನುಷ್ಯ ಅವನು.

ಜಯಲಕ್ಷ್ಮಿಪುರಂನಲ್ಲಿ ಅವಳ ರಸ್ತೆಯ ತುದಿಯ ಮೆಕ್ಯಾನಿಕ್ ಮನೋಹರ್ ಕ್ಯಾಲಿಪರ್ ಕೂರಿಸಿ, ಹಳೆಯವೆರಡನ್ನೂ ಗೋಣಿಚೀಲಕ್ಕೆ ತುಂಬಿ ಡಿಕ್ಕಿಯಲ್ಲಿಟ್ಟ. ಶನಿವಾರ ಕ್ಲಾಸು ಮುಗಿಸಿ ರಂಜನಿ ಅಂಗಡಿಗೆ ಹೋದಳು. ಹೋದವಳ ಬಾಯಿಂದ ತಾನಾಗಿಯೇ ಹೊರಟದ್ದು, "ಅಯ್ಯೋ, ಮರೆತು ಬಂದೆ."

"ಪರವಾಗಿಲ್ಲ ಬುಡಿ. ಮುಂದಿನ ವಾರ ತನ್ನಿ."

ಮುಂದಿನ ವಾರವೂ ಮರೆತಳು. ಅದರ ಮುಂದಿನ ವಾರವೂ ಅಷ್ಟೇ. ಅವನು ಒಂದು ಕಾಫಿ ತರಿಸಿ ಬೈಟು ಮಾಡಿ, ಹೆಚ್ಚು ತುಂಬಿದ ಲೋಟವನ್ನು ಅವಳ ಕಡೆ ಸರಿಸುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅಡುಗೆ ಮಾಡಿ ಒಬ್ಬನೇ ಉಣ್ಣಲು ಬೇಜಾರಾಗಿ ಬರೀ ಮೊಸರನ್ನ ತಿನ್ನುತ್ತಿರುವುದನ್ನು ಹೇಳಿದ. ಅವಳು, ಯಾರೂ ಕಿವಿಗೊಡದ ಪಾಠವನ್ನು ದಿನವೆಲ್ಲ ಹೇಳುವುದು ಎಷ್ಟು ಆಯಾಸ ಎಂಬುದನ್ನು ಹೇಳಿದಳು. ಇಬ್ಬರೂ ದಣಿದವರೇ. ಹಾಗಾಗಿ ಮಾತು ನಿಂತರೂ ಯಾರಿಗೂ ಮುಜುಗರವಾಗುತ್ತಿರಲಿಲ್ಲ. ಮನೆಗೆ ಮರಳುವಾಗ ಪ್ರತಿ ಹಂಪಿನಲ್ಲೂ ಡಿಕ್ಕಿಯೊಳಗೆ ಕಬ್ಬಿಣ ಕಬ್ಬಿಣ ಬಡಿದುಕೊಂಡು ಅವಳ ಸುಳ್ಳನ್ನು ಬೀದಿಗೆಲ್ಲ ಸಾರುತ್ತಿತ್ತು.

ಆದರೆ ಈ ಶನಿವಾರ ಹಾಗಲ್ಲ. ಅಣ್ಣ ವಸಿಷ್ಠ ಕಾರಿಗೆ ಗಿರಾಕಿ ಹುಡುಕಿದ್ದ. ಭಾನುವಾರ ಬಂದು ಒಯ್ಯುವುದೆಂದು ಮಾತಾಗಿತ್ತು. "ಆ ಡಬ್ಬ ಇಟ್ಕೊಂಡು ಎಷ್ಟು ದಿನ ಒದ್ದಾಡ್ತೀಯ?" ಎಂದು ಅವನು ಕೇಳಿದಾಗ ವಾದ ಮಾಡಲು ತ್ರಾಣವಿಲ್ಲದೆ ಹೂಂ ಅಂದಿದ್ದಳು. ಕಾರು ಹೋದ ಮೇಲೆ ಬ್ರೇಕಿನ ಅಂಗಡಿಯಲ್ಲಿ ಅವಳಿಗೇನು ಕೆಲಸ? ಇವತ್ತು ಚೀಲ ಕೊಟ್ಟು ಬಂದರೆ ಅಲ್ಲಿಗೆ ಎಲ್ಲ ಮುಗಿಯಿತು.

ಕ್ಯಾಲಿಪರ್ ಬದಲಿಸಿದಾಗಿನಿಂದ ಕೊಂಚ ಮೆತ್ತಗಿದ್ದ ಬ್ರೇಕ್ ಪೆಡಲ್ಲು ದಾರಿಯಲ್ಲಿ ಪೂರ್ತಿ ಕೆಳಗಿಳಿಯಿತು. ಹ್ಯಾಂಡ್‌ಬ್ರೇಕ್ ಎಳೆದೆಳೆದು ಹೇಗೋ ಅಂಗಡಿ ಸೇರಿದಳು.

"ಪೆಡಲ್ಲು ಮೆತ್ತಗಿದೆ ಅಂತ ಮೊದಲೇ ಹೇಳೋದಲ್ವಾ?" ಷಡಕ್ಷರಿಯ ದನಿ ಗಡುಸಾಯಿತು. ಜಾಕ್ ತೆಗೆಯಲು ಡಿಕ್ಕಿಯ ಕಡೆ ನಡೆದ.

"ಅದು ಬೇಡ, ನಿಮ್ಮದೇ ಜಾಕ್..." ಎನ್ನುವಷ್ಟರಲ್ಲಿ ಡಿಕ್ಕಿ ತೆರೆದಿತ್ತು. ಅವನು ಗೋಣಿಚೀಲದ ಬಾಯಿ ಬಿಡಿಸಿ ನೋಡಿದ.

"ಯಾವಾಗಿಂದ ಇದೆ ಇದು?"

"ಮೊದಲಿನಿಂದ."

"ವಾರ ವಾರ ಮರೆತೆ ಅಂದ್ರಲ್ಲ?"

"ಮರೆತಿರಲಿಲ್ಲ." ಅವಳು ಎದುರು ಮನೆಯ ಗೇಟನ್ನು ನೋಡುತ್ತಾ ನಿಂತಳು. ಈ ವಯಸ್ಸಿನಲ್ಲಿ ಹೀಗೆ ಸಿಕ್ಕಿಬೀಳುವುದೇ ಎಂದು ಕೆನ್ನೆ ಬಿಸಿಯಾಯಿತು.

ಅವನು ನಗಲಿಲ್ಲ. ಚಕ್ರ ಬಿಚ್ಚಿ ಒಳಗೆ ಬಗ್ಗಿ ನೋಡಿದ. ನೋಡಿದವನು ಹಾಗೇ ನೆಲದ ಮೇಲೆ ಕೂತುಬಿಟ್ಟ.

"ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತಿದೆ. ಬ್ರೇಕ್ ಆಯಿಲ್‌ನಲ್ಲಿ ಸೇರಿದ ಗಾಳಿ ಬಿಡೋ ತೂತು ಮೇಲಿರಬೇಕು, ಕೆಳಗಾಗ್ಬುಟ್ಟಿದೆ. ಮೇಲೆ ಸೇರಿದ ಗಾಳಿ ಆಚೆ ಹೋಗೋದೆಲ್ಲಿಂದ?"

"ಆ ಮನೋಹರ್‌ಗೆ ಕಣ್ಣಿಲ್ವಾ?" ರಂಜನಿ ಬಗ್ಗಿದಳು. ಎಡಗಡೆ ಕ್ಯಾಲಿಪರಿನ ಮೇಲೆ ಹಳದಿ ಪೇಂಟಿನಲ್ಲಿ L ಎಂದು ಸ್ಪಷ್ಟವಾಗಿತ್ತು. "ಸರಿಯಾಗೇ ಹಾಕಿದ್ದಾನಲ್ಲ!"

"ಅವರದೇನೂ ತಪ್ಪಿಲ್ಲ. ಬರೆದವನು ನಾನು."

ಅವಳು ನೆಟ್ಟಗೆ ನಿಂತಳು. "ನನಗೇನಾದ್ರೂ ಆಗಿದ್ದಿದ್ರೆ?" ಎಂದಳು.

"ಅದನ್ನೇ ಯೋಚಿಸ್ತಿದ್ದೀನಿ." ಗ್ರೀಸಾದ ಬೆರಳಿನಿಂದ ಆ L ಮೇಲೆ ಉಜ್ಜಿದ. "ಈ ಕೆಲಸದಲ್ಲೇ ತಲೆ ನರೆತಿದೆ, ಒಂದ್ಸಲನೂ ಅದಲು ಬದಲು ಬರೆದಿಲ್ಲ. ಅವತ್ತು ನೀವು ನಕ್ರಿ. ನಾನು ನಿಮ್ಮನ್ನ ನೋಡ್ಕೊಂಡು ಬರೆದ್ಬುಟ್ಟೆ."

ಅವನು ತಪ್ಪನ್ನು ಮನೋಹರ್ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಡೈವೋರ್ಸ್ ಆದ ಗಂಡನಾದರೆ ಹಾಲು ಉಕ್ಕಿದ್ದಕ್ಕೂ ಅವಳನ್ನೇ ದೂರುತ್ತಿದ್ದ. ರಂಜನಿಗೆ ಸಿಟ್ಟು ಬಂದದ್ದೇನೋ ನಿಜ. ಆದರೆ ಅದರ ಬೆನ್ನಿಗೇ ಅಳುವೂ ಬಂತು. ಅಳುವನ್ನು ನುಂಗಿ, "ಏಳಿ, ಸರಿಮಾಡಿ," ಎಂದಳು.

ಅವನು ಎರಡನ್ನೂ ಬಿಚ್ಚಿ ಪೇಂಟು ಒರೆಸಿ, ಅದಲು ಬದಲು ಮಾಡಿ ಕೂರಿಸಿದ. ಗಾಳಿ ತೆಗೆಯುವುದು ಒಬ್ಬರಿಂದಾಗುವ ಕೆಲಸವಲ್ಲ. ಅವಳು ಸೀಟಿನಲ್ಲಿ ಕೂತಳು, ಅವನು ಚಕ್ರದ ಬಳಿ.

"ಒತ್ತಿ."

"ಒತ್ತಿದೆ."

"ಹಿಡ್ಕೊಂಡಿರಿ. ನಾನು ಹೇಳೋವರೆಗೂ ಬಿಡಬೇಡಿ."

"ಬಿಡಲ್ಲ."

ಆ ಕಡೆ ಅವನು ತೂತಿನ ನಟ್ಟು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿದ. "ಈಗ ಬಿಡಿ," ಎಂದಾಗ ಅವನ ದನಿ ಮೆತ್ತಗಾಗಿತ್ತು. ಸಂಜೆ ಬಿಸಿಲು ಬಾನೆಟ್ಟಿನಿಂದ ಇಳಿಯುವವರೆಗೂ ಇದೇ ಮಾತು ನಡೆಯಿತು. ಕೊನೆಗೆ ಪೆಡಲ್ಲು ಅವಳ ಪಾದದ ಕೆಳಗೆ ಗಟ್ಟಿಯಾಗಿ ನಿಂತಿತು.

ಬೀದಿಯ ಒಂದು ಸುತ್ತು ಓಡಿಸಿ, ನಿಲ್ಲಿಸಿ ನೋಡಿ ಬಂದ ಮೇಲೆ ಅವಳೇ ಚೀಲವನ್ನು ಮೇಜಿನ ಮೇಲಿಟ್ಟಳು. "ತಗೊಳ್ಳಿ. ನಾಳೆ ಕಾರು ಕೊಡ್ತಿದ್ದೀನಿ. ಗಿರಾಕಿ ಬರ್ತಾರೆ."

ಷಡಕ್ಷರಿ ಚೀಲದ ಬಾಯಿ ಬಿಚ್ಚಿದ. ಆಮೇಲೆ ಒಂದು ಕ್ಯಾಲಿಪರನ್ನು ಹೊರಗೆ ತೆಗೆದಿಟ್ಟುಕೊಂಡು, ಇನ್ನೊಂದಿದ್ದ ಚೀಲದ ಬಾಯಿ ಕಟ್ಟಿ ಅವಳ ಕೈಗೆ ಕೊಟ್ಟ.

"ಇದು ಇವತ್ತಿಗೆ. ಅದನ್ನ ನಾಳೆ ತನ್ನಿ."

"ನಾಳೆ ಭಾನುವಾರ. ಅಂಗಡಿ ರಜ."

"ಮನೆಗೆ ತನ್ನಿ. ಮೊಸರನ್ನ ಬಿಟ್ಟು ಬೇರೆ ಏನಾದ್ರೂ ಮಾಡ್ತೀನಿ."

"ನಾಳೆ ಗಿರಾಕಿ ಬರ್ತಾರೆ ಅಂದೆನಲ್ಲ ಷಡಕ್ಷರಿಯವರೇ."

"ಅದಕ್ಕೇ ನಾಳೆ ಅಂದೆ." ಈ ಸಲ ಅವನು ತಲೆ ತಗ್ಗಿಸಲಿಲ್ಲ. "ನೀವು ಬರದೇ ಇದ್ರೆ ನಂಗೆ ಈ ಅಂಗಡಿ ಬೇಡ ಅನ್ಸುತ್ತೆ ಕಣ್ರೀ."

ರಂಜನಿ ಚೀಲವನ್ನು ಡಿಕ್ಕಿಯಲ್ಲಿಟ್ಟು ಮುಚ್ಚಿದಳು. ಅದಕ್ಕೇ ಒರಗಿ ನಿಂತು ಅಣ್ಣನಿಗೆ ಫೋನ್ ಮಾಡಿದಳು.

"ಅವರಿಗೆ ಬರಬೇಡಿ ಅಂತ ಹೇಳಿಬಿಡು. ಕಾರು ಕೊಡಲ್ಲ."

"ಯಾಕೆ? ಮತ್ತೇನಾಯ್ತು?"

"ಏನಿಲ್ಲ," ಎಂದಳು, ಷಡಕ್ಷರಿಯನ್ನೇ ನೋಡುತ್ತಾ. "ನಾಳೆ ಊಟಕ್ಕೆ ಹೋಗ್ಬೇಕು."