ಮೇಷ್ಟ್ರ ಕೊನೆಯ ಅಧ್ಯಾಯ

ತೀರಿಹೋದ ಕಲಾವಿದರ ಜೀವನಚರಿತ್ರೆ ಬರೆದುಕೊಡುವುದು ನನ್ನ ಕಸುಬು. ಅಚ್ಚಿಗೆ ಕಳಿಸುವ ಮೊದಲು ಪ್ರತಿ ಅಧ್ಯಾಯವನ್ನೂ ಅವರ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಇಲ್ಲದಿದ್ದರೆ ಪುಸ್ತಕ ಬಿಡುಗಡೆಯ ದಿನ ಯಾರಾದರೂ ಜಗಳ ತೆಗೆಯುತ್ತಾರೆ.

ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಏಕಾಂತಯ್ಯ ಮೇಷ್ಟ್ರ ಬಗ್ಗೆ ಬರೆದಾಗಲೂ ಹಾಗೇ ಮಾಡಿದೆ. ಯಡಿಯೂರು ಕೆರೆಯ ಹತ್ತಿರದ ಆ ಮನೆಯಲ್ಲಿ ಅವರ ಹೆಂಡತಿ ಸರ್ವಮಂಗಳಮ್ಮ ಒಬ್ಬರೇ ಇದ್ದರು. ನಾನು ಓದುವಾಗಲೆಲ್ಲ, ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಹಾರ್ಮೋನಿಯಂನಿಂದ ತಿದಿ ಒತ್ತಿದಂಥ ಮೆಲ್ಲನೆಯ ಉಸಿರು ಕೇಳುತ್ತಿತ್ತು. ಓದು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಇಲಿ ಇರಬೇಕು ಅಂದುಕೊಂಡೆ. ಏಪ್ರಿಲ್ ಮಧ್ಯಾಹ್ನವಾದರೂ ಆ ಮೂಲೆಯ ಕಡೆಗಿದ್ದ ನನ್ನ ಭುಜ ಮಾತ್ರ ತಣ್ಣಗಾಗುತ್ತಿತ್ತು.

ಕೊನೆಯ ಅಧ್ಯಾಯ ಶುರು ಮಾಡಿದೆ. “ಆಸ್ಪತ್ರೆಗೆ ಸೇರಿಸಿದ ಮಾರನೇ ದಿನ ಬೆಳಗ್ಗೆ ಮೇಷ್ಟ್ರು...” ಅನ್ನುವಷ್ಟರಲ್ಲಿ ಸರ್ವಮಂಗಳಮ್ಮ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

“ಅದೊಂದನ್ನ ಜೋರಾಗಿ ಓದ್ಬೇಡಮ್ಮ,” ಎಂದು ಪಿಸುಗುಟ್ಟಿದರು. “ಅವ್ರಿಗೆ ನಾನಿನ್ನೂ ಹೇಳಿಲ್ಲ.”

“ಯಾರಿಗೆ?” ಅಂದೆ.

ಅವರು ಮೂಲೆಯ ಹಾರ್ಮೋನಿಯಂ ಕಡೆ ನೋಡಿದರು. ನಾನು ಓದು ನಿಲ್ಲಿಸಿದ್ದೆ. ತಿದಿಯ ಉಸಿರು ಮಾತ್ರ ಈ ಸಲ ನಿಲ್ಲಲಿಲ್ಲ, ಇನ್ನೂ ಜೋರಾಯಿತು. ನಾನು ಚಪ್ಪಲಿ ಕೈಯಲ್ಲಿ ಹಿಡಿದೇ ಬೀದಿಗೆ ಬಂದೆ.

ಆ ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ. ಕೊನೆಯ ಅಧ್ಯಾಯ ತಿದ್ದಲು ಕೂತಾಗಲೆಲ್ಲ ಬೆನ್ನ ಹಿಂದೆ ಅದೇ ಉಸಿರು ಶುರುವಾಗುತ್ತದೆ, ಅರ್ಧಕ್ಕೆ ನಿಂತ ಆ ವಾಕ್ಯವನ್ನು ನಾನು ಓದಿ ಮುಗಿಸಲೆಂದು ಕಾಯುವ ಹಾಗೆ. ಇಟ್ಟಮಡುವಿನ ನಮ್ಮ ಮನೆಯಲ್ಲಿ ಹಾರ್ಮೋನಿಯಂ ಇಲ್ಲ.