ಕಣ್ಣೀರು ಅವಳಿಗೆ, ನಗು ನನಗೆ

ಬೇರೆಯವರ ಮನೆ ಒಳಕೋಣೆಯ ಕಥೆ ಹೇಳೋಕೆ ನಾನ್ಯಾರು? ತಪ್ಪಾಗಿದ್ದರೆ ಕ್ಷಮಿಸಿ. ಹೇಳದೆ ಇರಲಾಗಲಿಲ್ಲ...

ಅವತ್ತು ನಮ್ಮ ಬೀದಿಯ ಟೈಲರಮ್ಮ ಹೊಲಿಗೆ ಅಂಗಡಿಯಿಂದ ಬೇಗ ಬಂದಳು. ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಗಂಡ ಅಳುತ್ತಿದ್ದ! ಅದೂ ದಿನಾ ಮನೆಗೆ ಬರುವ ನರ್ಸ್ ಕೈ ಹಿಡಿದುಕೊಂಡು!

"ಬೆನ್ನು ಸೀಳಿದ ಹಾಗಾಗುತ್ತೆ ಸಿಸ್ಟರ್... ತಡ್ಕೊಳ್ಳೋಕಾಗ್ತಿಲ್ಲ."

ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ವಾಸಿಯಾಗಲ್ಲ, ನೋವನ್ನಾದರೂ ಕಡಿಮೆ ಮಾಡೋಣ ಎಂದಿದ್ದರು ಡಾಕ್ಟರು. ಆದರೆ ಹೆಂಡತಿ ಕೇಳಿದಾಗಲೆಲ್ಲ ಅವನು ಹಲ್ಲು ಬಿಡುತ್ತಿದ್ದ. "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ ಕಣೇ!"

ಅವಳ ಹೊಟ್ಟೆ ಧಗಧಗ ಉರಿಯಿತು. 'ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ನಿನ್ನೆ ಮೊನ್ನೆ ಬಂದವಳ ಹತ್ತಿರ ಮನಸ್ಸು ಬಿಚ್ಚೋದಾ?'

ನರ್ಸ್ ಹೊರಗೆ ಬಂದಳು. "ಅಕ್ಕಾ, ಅಣ್ಣನ್ನ ಮಗ್ಗುಲು ತಿರುಗಿಸ್ಬೇಕು, ಕೈ ಕೊಡ್ತೀರಾ?"

"ನೀವೇ ತಿರುಗಿಸಿ. ನಿಮ್ಮಂಥ ಕೈಗುಣ ನಂಗೆಲ್ಲಿಂದ ಬರ್ಬೇಕು!"

ನರ್ಸ್ ಬೇಜಾರು ಮಾಡಿಕೊಳ್ಳಲಿಲ್ಲ. ದನಿ ತಗ್ಗಿಸಿದಳು. "ಅಣ್ಣ ಮಧ್ಯಾಹ್ನದ ನೋವಿನ ಮಾತ್ರೆ ನುಂಗ್ತಾನೇ ಇಲ್ಲ. ಮಂಪರು ಬರುತ್ತಂತೆ. ಸಂಜೆ ನೀವು ಬಂದು ಗಿರಾಕಿಗಳ ಕಥೆ ಹೇಳೋವಾಗ ಎಚ್ಚರ ಇರ್ಬೇಕಂತೆ. ಹೇಳ್ಬೇಡಿ ಅಂದಿದ್ರು... ಹೇಳ್ದೆ ಇರೋಕಾಗಲ್ಲ ಅಕ್ಕಾ."

ಅಯ್ಯೋ ದೇವರೇ!

ಅವಳು ದಡದಡನೆ ಒಳಗೆ ಹೋದಳು. "ಊರವರ ಮುಂದೆ ಅಳ್ತೀರ, ನನ್ನ ಮುಂದೆ ಹಲ್ಲು ಕಿರೀತೀರ. ನಾನೇನು ಪರಕೀಯಳಾ?"

"ನೀನು ಅತ್ತರೆ ನೋಡೋಕಾಗಲ್ಲ ಕಣೇ."

"ಅಳ್ತೀನಿ! ಅತ್ತು, ಮೂಗು ಒರೆಸ್ಕೊಂಡು, ಮತ್ತೆ ನಿಮ್ಮನ್ನೇ ನೋಡ್ಕೋತೀನಿ. ಹೇಳ್ರೀ, ಎಲ್ಲಿ ನೋವು?"

ನಗಲು ನೋಡಿದ. ಆಗಲಿಲ್ಲ.

"ಸೊಂಟದ ಮೇಲೆ... ತುಂಬಾ ನೋಯ್ತಿದೆ ಕಣೇ."

ಮದುವೆಯಾದಂದಿನಿಂದ ಅವನು ಇಷ್ಟು ಮನಸ್ಸು ಬಿಚ್ಚಿ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.

ಮಾತ್ರೆ ನುಂಗಿಸಿದಳು. ನೋವು ತುಸು ತಗ್ಗುವವರೆಗೆ ಕಾದು, ನರ್ಸ್ ಒಳಗೆ ಬಂದು, ಬೆನ್ನು ತಿರುಚದ ಹಾಗೆ ಮೈಯನ್ನೆಲ್ಲ ಒಟ್ಟಿಗೆ ಹೊರಳಿಸುವುದನ್ನು ತೋರಿಸಿಕೊಟ್ಟಳು.

"ನೀವು ಸೊಂಟ ಹಿಡೀರಿ ಸಿಸ್ಟರ್," ಎಂದಳು ಟೈಲರಮ್ಮ ಗಡುಸಾಗಿ. "ಮುಖದ ಕಡೆ ನಾನಿರ್ತೀನಿ."

ನರ್ಸ್ ನಗು ನುಂಗಿಕೊಂಡಳು.

ಅವಳು ಹೋದ ಮೇಲೆ ಅವನ ಕಣ್ಣು ಎಳೆಯತೊಡಗಿತು.

"ನಿದ್ದೆ ಬರ್ತಿದೆ... ನಿನ್ನ ಕಥೆ?"

"ಮಲಗೇ ಕೇಳಿ."

"ಗೊರಕೆ ಹೊಡೆದ್ರೆ?"

"ಹೂಂಗುಟ್ಟಿದ್ರಿ ಅಂದ್ಕೋತೀನಿ."

ಅವರಿಗೆ ಇನ್ನೆಷ್ಟು ಸಂಜೆಗಳಿದ್ದವೋ, ನನಗೆ ಗೊತ್ತಿಲ್ಲ. ಆ ನರ್ಸ್ ಮೇಲಿನ ಹೊಟ್ಟೆಕಿಚ್ಚು ಪೂರ್ತಿ ಆರಿತೋ ಇಲ್ಲವೋ... ಅದೂ ಗೊತ್ತಿಲ್ಲ.